ಹಳೆಯ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಒಂದೇ, ಕೆಲಸ ಎರಡು: ಕಾರಿಗೂ ಕಾಲುದಾರಿಗೂ ಹೊಂದಿಸಿದ ಲಾಗ್

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಒಂದು ಹ್ಯಾಂಡ್‌ಹೆಲ್ಡ್ ಜಿಪಿಎಸ್ ರಿಸೀವರನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದೇನೆ. ಈಗ ಅದು ಕಾರಿನಲ್ಲಿ ದಾರಿ ತೋರಿಸುತ್ತದೆ. ಗಾಡಿ ನಿಲ್ಲಿಸಿ ಬೆಟ್ಟ ಹತ್ತುವಾಗ ಅದನ್ನೇ ಕಳಚಿ ಜೇಬಿಗೆ ಹಾಕಿಕೊಂಡು ಹೋಗಬಹುದು. ಇಷ್ಟಕ್ಕೆ ಏನೇನು ಮಾಡಬೇಕಾಯಿತು, ಯಾವ ದಾರಿ ಕೈಕೊಟ್ಟಿತು, ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಸಾಧನದ ವಿವರ: 2 ಎಎ ಸೆಲ್, 2.2 ಇಂಚಿನ ಬಣ್ಣದ ಪರದೆ, ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಜಾಗ, ಮಿನಿ ಯುಎಸ್‌ಬಿ. ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರೂ ಇಲ್ಲ. ಮಾತಾಡಿ ದಾರಿ ಹೇಳುವುದಿಲ್ಲ, ತಿರುವು ಬಂದಾಗ ಬೀಪ್ ಮಾತ್ರ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಸುಡುಬಿಸಿಲಲ್ಲಿ ಇದರ ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮಳೆಗೆ ಹೆದರುವುದಿಲ್ಲ. ಸೆಲ್ ಖಾಲಿಯಾದರೆ ಬೇರೆ ಎರಡು ಸೆಲ್ ಹಾಕಿದರಾಯಿತು. ನೆಟ್‌ವರ್ಕ್ ಇಲ್ಲದ ಕಡೆಯೂ ಮ್ಯಾಪ್ ಪೂರ್ತಿ ಕೈಯಲ್ಲಿರುತ್ತದೆ. ನನಗೆ ಇಷ್ಟು ಸಾಕಿತ್ತು.

ಬಳಸಿದ ಸಾಮಾನು: ಮಲ್ಟಿಮೀಟರ್, ಸಣ್ಣ ಇಕ್ಕಳ, ಹತ್ತಿ ಸುತ್ತಿದ ಕಡ್ಡಿ, ವಿನೆಗರ್, ಐಸೊಪ್ರೊಪೈಲ್ ಆಲ್ಕೋಹಾಲ್, 2 ಮಿ.ಮೀ. ದಪ್ಪದ ಫೋಮ್ ಹಾಳೆ, ರಬ್ಬರಿಗೆ ಹಿಡಿಯುವ ಮೆತ್ತನೆಯ ಅಂಟು, 8 ಜಿಬಿ ಕಾರ್ಡ್, ಡೇಟಾ ಹೋಗುವ ಮಿನಿ ಯುಎಸ್‌ಬಿ ಕೇಬಲ್, ಎರಡು ಬಗೆಯ ಕಾರ್ ಚಾರ್ಜರ್, ಡ್ಯಾಶ್‌ಬೋರ್ಡ್ ಹೋಲ್ಡರ್, ಒಂದು ಲ್ಯಾಪ್‌ಟಾಪ್.

ಹಂತ 1: ಎಬ್ಬಿಸುವುದು

ಹಿಂದಿನ ಮುಚ್ಚಳ ತೆಗೆದರೆ ಒಳಗೆ ಹಳೆಯ ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಈ ಸೋರಿಕೆ ಕ್ಷಾರ. ಹಾಗಾಗಿ ಅದನ್ನು ಕರಗಿಸಲು ಹುಳಿ ಬೇಕು. ಹತ್ತಿ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಹಾಕಿ ತಗಡುಗಳನ್ನು ಉಜ್ಜಿದೆ. ನೊರೆ ನಿಂತ ಮೇಲೆ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಟ್ಟೆ. ವಿನೆಗರನ್ನು ಹಾಗೇ ಬಿಡಬೇಡಿ, ಅದೂ ತಗಡನ್ನು ತಿನ್ನುತ್ತದೆ.

ಹೊಸ ಸೆಲ್ ಹಾಕಿದಾಗ ಪರದೆ ಹೊತ್ತಿತು. ಆದರೆ ಕಿಟಕಿಯ ಬಳಿ ಇಟ್ಟು ಎಷ್ಟು ಕಾದರೂ ನಾನಿರುವ ಜಾಗ ಅದಕ್ಕೆ ಸಿಗಲಿಲ್ಲ. ಸಾಧನ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುವ ಹಂತ ಇದೇ. ಕಾರಣ ಬೇರೆ ಇದೆ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಆದರೆ ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ, ಅಂದರೆ ಆಲ್ಮನಾಕ್, ಪೂರ್ತಿ ಬರಲು 12.5 ನಿಮಿಷ ಬೇಕು. ಬಹಳ ಕಾಲ ಆಫ್ ಆಗಿದ್ದ ಸಾಧನದಲ್ಲಿ ಈ ಪಟ್ಟಿ ಹಳತಾಗಿರುತ್ತದೆ. ಯಾವ ಉಪಗ್ರಹ ಎಲ್ಲಿದೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಮಧ್ಯೆ ಮಧ್ಯೆ ಸಿಗ್ನಲ್ ಕಡಿದರೆ ಮತ್ತೆ ಕಾಯಬೇಕು. ಬಯಲಿಗೆ ಒಯ್ದು, ಸುತ್ತ ಗೋಡೆ ಮರ ಇಲ್ಲದ ಕಡೆ ನೆಲದ ಮೇಲೆ ಅಂಗಾತ ಇಟ್ಟು ಅರ್ಧ ಗಂಟೆ ಮುಟ್ಟದೆ ಬಿಟ್ಟೆ. ಸಿಕ್ಕಿತು. ಆಮೇಲೆ ಪ್ರತಿ ಸಲ ಒಂದು ನಿಮಿಷದೊಳಗೆ ಸಿಗುತ್ತಿದೆ.

ಜಾಗ ಸರಿಯಾಗಿ ಬಂದರೂ ದಿನಾಂಕ ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತಿತ್ತು. ಇದು ಗಡಿಯಾರದ ದೋಷ ಅಲ್ಲ. ಜಿಪಿಎಸ್‌ನ ಮೂಲ ಸಂದೇಶದಲ್ಲಿ ವಾರಗಳ ಲೆಕ್ಕಕ್ಕೆ ಇರುವುದು 10 ಬಿಟ್ ಮಾತ್ರ. ಅಂದರೆ 1024 ವಾರ ಆದ ಮೇಲೆ ಲೆಕ್ಕ ಸೊನ್ನೆಗೆ ಮರಳುತ್ತದೆ. ಹಾಗೆ ಮರಳಿದ್ದು 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮುಂದಿನದು 2038ರ ನವೆಂಬರ್‌ನಲ್ಲಿ. ಕಂಪನಿಯ ತಾಣದಿಂದ ಕೊನೆಯ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಪ್ರೋಗ್ರಾಂ) ಇಳಿಸಿ ಹಾಕಿದ ಮೇಲೆ ದಿನಾಂಕ ಸರಿಹೋಯಿತು. ಫರ್ಮ್‌ವೇರ್ ಹಾಕುವಾಗ ಪೂರ್ತಿ ಚಾರ್ಜ್ ಆದ ಸೆಲ್ ಇರಲಿ. ಅರ್ಧಕ್ಕೆ ಆರಿಹೋದರೆ ಸಾಧನವೇ ಏಳದೆ ಹೋಗಬಹುದು.

ಹಂತ 2: ಕುಲುಕಿದರೆ ಆರಿಹೋಗುವ ತೊಂದರೆ

ಮೇಜಿನ ಮೇಲೆ ಗಂಟೆಗಟ್ಟಲೆ ಓಡುತ್ತಿದ್ದದ್ದು ಗುಂಡಿ ಬಿದ್ದ ರಸ್ತೆಯಲ್ಲಿ ಪದೇಪದೇ ಆಫ್ ಆಗುತ್ತಿತ್ತು. ಮೊದಲು ಸೆಲ್ ಮೇಲೆ ಸಂಶಯ ಪಟ್ಟೆ. ಮಲ್ಟಿಮೀಟರ್ ಹಿಡಿದರೆ ಎರಡೂ 1.25 ವೋಲ್ಟ್. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗೆ ಇದು ಒಳ್ಳೆಯ ಆರೋಗ್ಯ. ಸೆಲ್ ಸರಿಯಿದೆ, ತಗಡು ಶುದ್ಧವಿದೆ. ಉಳಿದದ್ದು ಸ್ಪ್ರಿಂಗ್.

ಸ್ಪ್ರಿಂಗ್ ಒತ್ತಡ ಕಳೆದುಕೊಂಡು ಸಡಿಲವಾಗಿತ್ತು. ಗಾಡಿ ಎಗರಿದಾಗ ಸೆಲ್ ಕ್ಷಣಕಾಲ ತಗಡು ಬಿಡುತ್ತಿತ್ತು. ಸಾಧನಕ್ಕೆ ಅಷ್ಟೇ ಸಾಕು.

ಕಾಗದ ಮಡಿಸಿ ಸಂದಿಗೆ ತುರುಕಿ ನೋಡಿದೆ. ಒಂದೆರಡು ದಿನಕ್ಕೆ ಕಾಗದ ಒತ್ತಿಹೋಗಿ ಮತ್ತೆ ಅದೇ ಕತೆ. ಸೆಲ್‌ನ ತುದಿಗೆ ಅಲ್ಯೂಮಿನಿಯಂ ಹಾಳೆ ಮಡಿಸಿ ಇಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಅದನ್ನು ಮಾಡಬೇಡಿ. ಹಾಳೆ ಜಾರಿ ಪಕ್ಕದ ಸೆಲ್‌ಗೆ ತಾಗಿದರೆ ಶಾರ್ಟ್ ಆಗುತ್ತದೆ. ಈ ಸೆಲ್‌ಗಳು ಶಾರ್ಟ್ ಆದಾಗ ಕೈ ಸುಡುವಷ್ಟು ಬಿಸಿಯಾಗುತ್ತವೆ.

ಕೊನೆಗೆ ಫಲ ಕೊಟ್ಟದ್ದು ಎರಡು ಸಣ್ಣ ಕೆಲಸ. ಇಕ್ಕಳದಿಂದ ಸ್ಪ್ರಿಂಗನ್ನು ಒಂದೆರಡು ಮಿ.ಮೀ. ಹೊರಗೆ ಎಳೆದೆ, ಜಾಸ್ತಿ ಎಳೆದರೆ ಮುರಿಯುತ್ತದೆ. ಆಮೇಲೆ ಮುಚ್ಚಳದ ಒಳಮೈಗೆ ಫೋಮ್ ಪಟ್ಟಿ ಅಂಟಿಸಿದೆ. ಮುಚ್ಚಳ ಹಾಕಿದಾಗ ಅದು ಸೆಲ್‌ಗಳನ್ನು ಒತ್ತಿ ಹಿಡಿಯುತ್ತದೆ. ಫೋಮ್ ಅಂಚಿನವರೆಗೂ ಬರಬಾರದು. ಅಲ್ಲಿ ನೀರು ತಡೆಯುವ ರಬ್ಬರ್ ವಾಷರ್ ಕೂರುತ್ತದೆ. ಅಂಗೈ ಮೇಲೆ ಜೋರಾಗಿ ಬಡಿದು ನೋಡಿದೆ, ಅದೇ ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಿದೆ. ಮತ್ತೆ ಆರಿಲ್ಲ.

ಸೆಟ್ಟಿಂಗಿನಲ್ಲಿ ಸೆಲ್ ಯಾವ ಬಗೆಯದು ಅಂತ ತಪ್ಪದೆ ಹೇಳಿ. ಆಲ್ಕಲೈನ್ 1.5 ವೋಲ್ಟ್‌ನಿಂದ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಬಹಳ ಹೊತ್ತು 1.2ರ ಸುತ್ತ ನಿಂತು ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ಬಗೆ ತಪ್ಪಾಗಿದ್ದರೆ ತುಂಬಿದ ಸೆಲ್ ಅರ್ಧ ಅಂತ ತೋರಿಸುತ್ತದೆ. ಆ ಸೂಚಕವನ್ನು ನಂಬಿ ಬೆಟ್ಟಕ್ಕೆ ಹೊರಡುವ ಹಾಗಿಲ್ಲ.

ಹಂತ 3: ಸುತ್ತಲಿನ ರಬ್ಬರ್ ಪಟ್ಟಿ

ಅಂಟಿಗೆ ವಯಸ್ಸಾಗಿ ಪಟ್ಟಿ ಬಿಟ್ಟುಕೊಂಡಿತ್ತು. ಹಳೆಯ ಅಂಟು ಜಿಗುಟಾಗಿ ಕೈಗೆಲ್ಲ ಹತ್ತುತ್ತಿತ್ತು. ಆಲ್ಕೋಹಾಲ್ ಹಚ್ಚಿ ಹಳೆಯದನ್ನು ಪೂರ್ತಿ ಕೆರೆದು ತೆಗೆದೆ. ಹೆಚ್ಚು ಹೊತ್ತು ಹಿಡಿದದ್ದು ಇದೇ ಕೆಲಸ. ಬೇಗ ಒಣಗುವ ಸೂಪರ್ ಗ್ಲೂ ಇದಕ್ಕೆ ಬರುವುದಿಲ್ಲ. ಒಂದು ಮೂಲೆಗೆ ಹಾಕಿ ನೋಡಿದೆ. ಅದು ಗಾಜಿನಂತೆ ಗಟ್ಟಿಯಾಗಿ, ರಬ್ಬರ್ ಬಾಗಿದಾಗ ಬಿರಿಯಿತು. ಅದರ ಆವಿಯಿಂದ ಪಕ್ಕದ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬೂ ಬಂತು. ಒಣಗಿದ ಮೇಲೂ ಬಾಗುವ ಅಂಟು ತೆಳ್ಳಗೆ ಸವರಿ, ರಬ್ಬರ್ ಬ್ಯಾಂಡ್ ಸುತ್ತಿ ಒಂದು ದಿನ ಬಿಟ್ಟೆ. ಬದಿಯ ಬಟನ್‌ಗಳು ಇರುವ ಕಡೆ ಅಂಟು ಹಾಕಲೇ ಇಲ್ಲ.

ಹಂತ 4: ಕಾರಿನಲ್ಲಿ ಕರೆಂಟ್

ಸೆಲ್ ಮೇಲೇ ಕಾರಿನಲ್ಲಿ ಓಡಿಸಬಹುದು. ಆದರೆ ರಾತ್ರಿ ಬ್ಯಾಕ್‌ಲೈಟ್ ಹಾಕಿದರೆ ಸೆಲ್ ಬೇಗ ಮುಗಿಯುತ್ತದೆ. ಅಲ್ಲದೆ ಚಾರಣಕ್ಕೆ ಅಂತ ಉಳಿಸಿಕೊಂಡ ಚಾರ್ಜ್ ದಾರಿಯಲ್ಲೇ ಖರ್ಚಾಗಬಾರದು ಅಲ್ವಾ?

ಕಾರಿನಲ್ಲೇ ಇದ್ದ ಯುಎಸ್‌ಬಿ ಕಿಂಡಿಗೆ ಕೇಬಲ್ ಸಿಕ್ಕಿಸಿದೆ. ಮ್ಯಾಪ್ ಮಾಯವಾಗಿ ಪರದೆಯಲ್ಲಿ ಕಂಪ್ಯೂಟರ್ ಚಿತ್ರ ಬಂತು. ಆ ಕಿಂಡಿ ಹಾಡು ಓದಲು ಇರುವುದು. ಅದು ಕಂಪ್ಯೂಟರಿನ ಹಾಗೆ ಡೇಟಾ ಕೇಳುತ್ತದೆ. ಸಾಧನ ತನ್ನನ್ನು ಪೆನ್‌ಡ್ರೈವ್ ಅಂದುಕೊಂಡು ಬೇರೆ ಎಲ್ಲ ಕೆಲಸ ನಿಲ್ಲಿಸುತ್ತದೆ. ಇದಕ್ಕೆ ಎರಡು ಪರಿಹಾರ ಇವೆ. ಕೆಲವು ಮಾಡೆಲ್‌ಗಳ ಇಂಟರ್‌ಫೇಸ್ ಸೆಟ್ಟಿಂಗ್ ಬದಲಿಸಿದರೆ, ಕೇಬಲ್ ಸಿಕ್ಕಿಸಿದಾಗ ಪೆನ್‌ಡ್ರೈವ್ ಆಗಬೇಕೇ ಅಂತ ಕೇಳುತ್ತದೆ. ಬೇಡ ಅಂದರೆ ಕರೆಂಟ್ ಮಾತ್ರ ತೆಗೆದುಕೊಂಡು ಮ್ಯಾಪ್ ತೋರಿಸುತ್ತದೆ. ಇಲ್ಲದಿದ್ದರೆ ಡೇಟಾ ಗೊಡವೆಯೇ ಇಲ್ಲದ, ಬರೀ 5 ವೋಲ್ಟ್ ಕೊಡುವ ಸಾದಾ ಚಾರ್ಜರ್ ಬಳಸಬೇಕು. ನಾನು ಎರಡನೆಯದಕ್ಕೆ ಹೋದೆ.

ಅಲ್ಲಿ ಹೊಸ ತೊಂದರೆ ಶುರುವಾಯಿತು. ಚಾರ್ಜರ್ ಸಿಕ್ಕಿಸಿದ ಕೂಡಲೇ ಜಾಗದ ಗುರುತು ರಸ್ತೆ ಬಿಟ್ಟು ಅಲೆದಾಡತೊಡಗಿತು. ಉಪಗ್ರಹಗಳ ಪುಟ ತೆರೆದು ನೋಡಿದರೆ ಸಿಗ್ನಲ್ ಪಟ್ಟಿಗಳು ಅರ್ಧಕ್ಕೆ ಇಳಿದಿದ್ದವು. ಚಾರ್ಜರ್ ಕಿತ್ತರೆ ಮತ್ತೆ ಮೇಲೆ. ಕಾರಿನ 12 ವೋಲ್ಟನ್ನು 5 ವೋಲ್ಟ್‌ಗೆ ಇಳಿಸುವ ಸರ್ಕ್ಯೂಟ್ ಬಹಳ ವೇಗವಾಗಿ ಆನ್ ಆಫ್ ಆಗುತ್ತಿರುತ್ತದೆ. ಅದನ್ನು ಸರಿಯಾಗಿ ಮುಚ್ಚಿರದಿದ್ದರೆ ಅದರಿಂದಲೇ ರೇಡಿಯೋ ಗದ್ದಲ ಹೊರಡುತ್ತದೆ. ಜಿಪಿಎಸ್ ಸಿಗ್ನಲ್ ಬರುವುದು ಸುಮಾರು 20,200 ಕಿ.ಮೀ. ಎತ್ತರದಿಂದ. ಇಲ್ಲಿಗೆ ಮುಟ್ಟುವಷ್ಟರಲ್ಲಿ ಅದು ತೀರಾ ಕ್ಷೀಣವಾಗಿರುತ್ತದೆ. ಪಕ್ಕದಲ್ಲೇ ಗದ್ದಲ ಇದ್ದರೆ ಕೇಳಿಸುವುದಿಲ್ಲ.

ಕೇಬಲನ್ನು ಸಾಧನದಿಂದ ದೂರ ಸರಿಸಿದಾಗ ಸ್ವಲ್ಪ ಸುಧಾರಿಸಿತು, ಸಾಕಾಗಲಿಲ್ಲ. ಬೇರೆ ಚಾರ್ಜರ್ ಹಾಕಿದ ಮೇಲೆ ಪಟ್ಟಿಗಳು ಕದಲಲೇ ಇಲ್ಲ. ಚಾರ್ಜರ್ ಕೊಳ್ಳುವವರು ಈ ಒಂದು ಪರೀಕ್ಷೆ ಮಾಡಿ. ಗಾಡಿ ನಿಲ್ಲಿಸಿ, ಉಪಗ್ರಹಗಳ ಪುಟ ತೆರೆದಿಟ್ಟು, ಚಾರ್ಜರ್ ಸಿಕ್ಕಿಸಿ, ಕಿತ್ತು, ಮತ್ತೆ ಸಿಕ್ಕಿಸಿ ನೋಡಿ. ಎರಡು ನಿಮಿಷದ ಕೆಲಸ. ಡ್ಯಾಶ್‌ಕ್ಯಾಮ್ ಇದ್ದರೆ ಅದನ್ನೂ ಹೀಗೇ ಪರೀಕ್ಷಿಸಬೇಕು.

ಕಾರಿನ ಕರೆಂಟ್ ಇದೆ ಅಂತ ಒಳಗಿನ ಸೆಲ್ ತೆಗೆದಿಡಬೇಡಿ. ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಒಮ್ಮೆ ಕುಸಿಯುತ್ತದೆ. ಆ ಕ್ಷಣ ಸಾಧನವನ್ನು ಹಿಡಿದಿಡುವುದು ಆ ಸೆಲ್‌ಗಳೇ. ಇನ್ನೊಂದು ಮಾತು: ನನ್ನ ಸಾಧನದಲ್ಲಿ ಯುಎಸ್‌ಬಿಯಿಂದ ಎಎ ಸೆಲ್ ಚಾರ್ಜ್ ಆಗುವುದಿಲ್ಲ. ಅದಕ್ಕೆ ಹೊರಗಿನ ಚಾರ್ಜರೇ ಬೇಕು.

ಹಂತ 5: ಎಲ್ಲಿ ಕೂರಿಸುವುದು

ಹ್ಯಾಂಡ್‌ಹೆಲ್ಡ್‌ಗಳಲ್ಲಿ ಆಂಟೆನಾ ಎರಡು ಬಗೆ. ಚಪ್ಪಟೆ ಚೌಕದ ಪ್ಯಾಚ್ ಆಂಟೆನಾ ಒಂದು. ಅದು ಆಕಾಶಕ್ಕೆ ಮುಖ ಮಾಡಿ ಅಂಗಾತ ಇದ್ದಾಗ ಚೆನ್ನಾಗಿ ಹಿಡಿಯುತ್ತದೆ. ತಲೆಯ ಮೇಲೆ ಗೂಟದಂತೆ ಎದ್ದಿರುವ ಸುರುಳಿ ಆಂಟೆನಾ ಇನ್ನೊಂದು. ಅದನ್ನು ನೆಟ್ಟಗೆ ನಿಲ್ಲಿಸಬೇಕು. ನನ್ನದು ಪ್ಯಾಚ್. ಹೋಲ್ಡರಿನಲ್ಲಿ ಪರದೆ ನನ್ನ ಕಡೆ ಇರುವಂತೆ ಪೂರ್ತಿ ನೆಟ್ಟಗೆ ನಿಲ್ಲಿಸಿದಾಗ ಸಿಗ್ನಲ್ ಇಳಿಯಿತು. ಹಿಂದಕ್ಕೆ ಓರೆ ಮಾಡಿದಾಗ ಓದಲೂ ಆಗುತ್ತದೆ, ಸಿಗ್ನಲ್ಲೂ ಬರುತ್ತದೆ.

ಮುಂದಿನ ಗಾಜಿಗೆ ರಬ್ಬರ್ ಬಟ್ಟಲಿನ ಹೋಲ್ಡರ್ ಅಂಟಿಸಿ ನೋಡಿದೆ. ಬಿಸಿಲಿಗೆ ಬಿಟ್ಟುಕೊಂಡು ಬಿತ್ತು. ರಸ್ತೆ ನೋಡುವ ಕಣ್ಣಿಗೂ ಅದು ಅಡ್ಡ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಜಾರದ ಚಾಪೆ ಹಾಸಿ, ಅದರ ಮೇಲೆ ತಗ್ಗಿನ ಹೋಲ್ಡರ್ ಕೂರಿಸಿದ ಮೇಲೆ ಎರಡೂ ತೊಂದರೆ ಹೋದವು. ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಮಾತ್ರ ಏನನ್ನೂ ಇಡಬಾರದು. ಅಪಘಾತದ ಹೊತ್ತಿನಲ್ಲಿ ಆ ವಸ್ತು ನೇರ ಮುಖಕ್ಕೆ ಬರುತ್ತದೆ.

ಕೆಲವು ಕಾರುಗಳ ಮುಂದಿನ ಗಾಜಿಗೆ ಬಿಸಿಲು ತಡೆಯಲು ತೆಳುವಾದ ಲೋಹದ ಲೇಪನ ಇರುತ್ತದೆ. ಅದರ ಹಿಂದೆ ಜಿಪಿಎಸ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಥ ಗಾಜಿನಲ್ಲಿ ಕನ್ನಡಿಯ ಸುತ್ತ ಲೇಪನ ಇಲ್ಲದ ಸಣ್ಣ ಜಾಗ ಬಿಟ್ಟಿರುವುದುಂಟು. ಸಿಗ್ನಲ್ ಬರದಿದ್ದರೆ ಸಾಧನವನ್ನು ಬೈಯುವ ಮೊದಲು ಕಿಟಕಿಯಾಚೆ ಕೈ ಚಾಚಿ ಪರೀಕ್ಷಿಸಿ.

ಈ ಪರದೆ ಬೆಳಕನ್ನು ಪ್ರತಿಫಲಿಸಿ ಹೊಳೆಯುವ ಬಗೆಯದು. ಹಗಲಲ್ಲಿ ಬ್ಯಾಕ್‌ಲೈಟ್ ಪೂರ್ತಿ ಆಫ್. ರಾತ್ರಿ ಅತಿ ಕಡಿಮೆ ಮಟ್ಟ ಸಾಕು. ಗಾಡಿ ನಿಲ್ಲಿಸಿ ಹೋಗುವಾಗ ಡ್ಯಾಶ್‌ಬೋರ್ಡಿನಿಂದ ತೆಗೆದಿಡುತ್ತೇನೆ. ಮುಚ್ಚಿದ ಕಾರಿನ ಬಿಸಿ ಸೆಲ್‌ಗೂ ಹೊಸ ಅಂಟಿಗೂ ಒಳ್ಳೆಯದಲ್ಲ.

ಹಂತ 6: ಮ್ಯಾಪ್

ಸಾಧನದ ಜೊತೆ ಬಂದಿದ್ದ ಮ್ಯಾಪ್‌ನಲ್ಲಿ ದೊಡ್ಡ ಹೆದ್ದಾರಿ ಬಿಟ್ಟರೆ ಏನೂ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಕೈಹಿಡಿಯಿತು. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ ಜನರೇ ರಸ್ತೆ, ಕಾಲುದಾರಿ, ಹೊಳೆ, ನೀರಿನ ಸೆಲೆ ಎಲ್ಲ ಗುರುತಿಸುತ್ತಾ ಬಂದಿದ್ದಾರೆ. ಡೇಟಾ ಉಚಿತ. ಅದನ್ನು ಸಾಧನ ಓದುವ ಐಎಂಜಿ ಫೈಲ್ ಮಾಡಲು ಎಂಕೆಜಿಮ್ಯಾಪ್ ಅನ್ನುವ ಉಚಿತ ಜಾವಾ ಪ್ರೋಗ್ರಾಂ ಇದೆ.

ತಯಾರಾಗಿ ಸಿಗುವ ಒಂದು ಮ್ಯಾಪನ್ನು ಮೊದಲು ಹಾಕಿದೆ. ನೋಡಲು ಬಹಳ ಚಂದ, ಬೆಟ್ಟದ ಏರಿಳಿತದ ಗೆರೆಗಳೂ ಇದ್ದವು. ಗುರಿ ಕೊಟ್ಟು ಹೊರಡು ಅಂದರೆ ನಾನಿದ್ದ ಜಾಗದಿಂದ ಗುರಿಗೆ ನೇರ ಗೆರೆ ಎಳೆದು ಸುಮ್ನಾಯಿತು. ಹೊಳೆ, ಗುಡ್ಡ ಯಾವುದೂ ಲೆಕ್ಕಕ್ಕಿಲ್ಲ. ಮ್ಯಾಪ್‌ನಲ್ಲಿ ರಸ್ತೆ ಕಾಣುವುದೇ ಬೇರೆ, ರಸ್ತೆಗಳು ಒಂದಕ್ಕೊಂದು ಎಲ್ಲಿ ಸೇರುತ್ತವೆ ಅನ್ನುವ ಮಾಹಿತಿ ಇರುವುದೇ ಬೇರೆ. ಎರಡನೆಯದು ಆ ಫೈಲಿನಲ್ಲಿ ಇರಲೇ ಇಲ್ಲ. ರೂಟಿಂಗ್ ಇರುವ ಮ್ಯಾಪ್ ಬೇಕು ಅಂತ ನೋಡಿಯೇ ಇಳಿಸಿಕೊಳ್ಳಬೇಕು.

ಹಾಗಾಗಿ ನಾನೇ ಮಾಡಿಕೊಂಡೆ. ಇಡೀ ದೇಶದ ಡೇಟಾ ಒಮ್ಮೆಗೇ ಕೊಟ್ಟಾಗ ಲ್ಯಾಪ್‌ಟಾಪ್‌ನ ಮೆಮೊರಿ ಸಾಲದೆ ಪ್ರೋಗ್ರಾಂ ನಿಂತಿತು. ಡೇಟಾವನ್ನು ತುಂಡು ಮಾಡುವ ಸ್ಪ್ಲಿಟರ್ ಅನ್ನುವ ಜೊತೆ ಪ್ರೋಗ್ರಾಂ ಇದೆ, ಅದನ್ನು ಮೊದಲು ಓಡಿಸಬೇಕು. ಆಮೇಲೆ ಎಂಕೆಜಿಮ್ಯಾಪ್‌ಗೆ ಕೊಡುವ ಆಯ್ಕೆಗಳಲ್ಲಿ ನಾಲ್ಕು ಬಹಳ ಮುಖ್ಯ.

ರೂಟ್ ಆಯ್ಕೆ ಇಲ್ಲದಿದ್ದರೆ ಅದೇ ನೇರ ಗೆರೆ. ಇಂಡೆಕ್ಸ್ ಆಯ್ಕೆ ಇಲ್ಲದಿದ್ದರೆ ಊರು, ಬೀದಿ ಹೆಸರಿನಿಂದ ಹುಡುಕಲು ಆಗುವುದಿಲ್ಲ. ಡ್ರೈವ್ ಆನ್ ಆಯ್ಕೆಯಲ್ಲಿ ಗಾಡಿ ರಸ್ತೆಯ ಎಡಕ್ಕೆ ಓಡುತ್ತದೋ ಬಲಕ್ಕೋ ಅಂತ ಹೇಳಬೇಕು. ನಾಲ್ಕನೆಯದು ಹೆಸರುಗಳ ಭಾಷೆ. ಇದು ಕನ್ನಡದ ಓದುಗರು ಗಮನಿಸಬೇಕಾದ ವಿಷಯ. ನನ್ನ ಸಾಧನದ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಸ್ಥಳೀಯ ಲಿಪಿಯಲ್ಲಿ ಬರೆದ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಂಡವು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಊರಿಗೆ ಬೇರೆ ಬೇರೆ ಭಾಷೆಯ ಹೆಸರು ಇಡಲು ಜಾಗ ಇದೆ. ಇಂಗ್ಲಿಷ್ ಹೆಸರು ಇದ್ದರೆ ಅದನ್ನು ಮೊದಲು ತೆಗೆದುಕೋ, ಇಲ್ಲದಿದ್ದರೆ ಮೂಲ ಹೆಸರು ತೆಗೆದುಕೋ ಅಂತ ಕ್ರಮ ಹೇಳಿಕೊಟ್ಟ ಮೇಲೆ ಹೆಸರುಗಳು ಓದಲು ಬಂದವು. ಕನ್ನಡದಲ್ಲೇ ಕಾಣಬೇಕಿತ್ತು ಅನ್ನುವ ಆಸೆ ನನಗೆ ಇನ್ನೂ ಇದೆ.

ಫೈಲನ್ನು ಕಾರ್ಡಿನಲ್ಲಿ ಕಂಪನಿ ಹೇಳಿದ ಫೋಲ್ಡರಿನಲ್ಲೇ ಇಡಬೇಕು. ಹಳೆಯ ಮಾಡೆಲ್‌ಗಳು ಒಂದೇ ಒಂದು ನಿಗದಿತ ಹೆಸರಿನ ಫೈಲ್ ಮಾತ್ರ ನೋಡುತ್ತವೆ. ಆಮೇಲೆ ಬಂದವು ಬೇರೆ ಬೇರೆ ಹೆಸರಿನ ಹಲವು ಫೈಲ್ ಒಪ್ಪುತ್ತವೆ. ಕಾರ್ಡ್ ಫ್ಯಾಟ್32 ಮಾದರಿಯಲ್ಲಿ ಇರುವುದರಿಂದ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ನನಗೆ ಬೇಕಾದ ಪ್ರದೇಶ ಮಾತ್ರ ಕತ್ತರಿಸಿಕೊಂಡಾಗ ಅದರ ಹತ್ತಿರಕ್ಕೂ ಹೋಗಲಿಲ್ಲ. ಎರಡು ಮ್ಯಾಪ್ ಒಟ್ಟಿಗೆ ಆನ್ ಇದ್ದರೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಬೇಕಾದ ಒಂದನ್ನೇ ಆನ್ ಇಡಿ.

ಹಂತ 7: ಕಾರಿನ ಪ್ರೊಫೈಲ್, ನಡಿಗೆಯ ಪ್ರೊಫೈಲ್

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟ ಹಂತ ಇದು. ಒಂದು ಸ್ಕ್ರೂ ಕೂಡ ತಿರುಗಿಸಬೇಕಿಲ್ಲ. ಕಾರಿಗೆ ಬೇಕಾದ ಸೆಟ್ಟಿಂಗ್ ನಡಿಗೆಯಲ್ಲಿ ದಾರಿ ತಪ್ಪಿಸುತ್ತದೆ. ನಡಿಗೆಗೆ ಬೇಕಾದದ್ದು ಕಾರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರೊಫೈಲ್, ಅಂದರೆ ಸೆಟ್ಟಿಂಗ್‌ಗಳ ಗುಂಪು, ಎರಡು ಮಾಡಿ ಬೇರೆ ಬೇರೆ ಇಡುವುದೇ ಸರಿ.

ಕಾರಿಗೆ: ರೂಟಿಂಗ್ ವಾಹನದ್ದು. ಗುರುತು ರಸ್ತೆಗೆ ಅಂಟಿಕೊಳ್ಳುವ ಆಯ್ಕೆ ಆನ್. ಹೋಗುವ ದಿಕ್ಕು ಯಾವಾಗಲೂ ಮೇಲೆ. ದಾರಿ ತಪ್ಪಿದರೆ ತಾನೇ ಹೊಸ ದಾರಿ ಹುಡುಕಬೇಕು. ಪರದೆಯಲ್ಲಿ ಎರಡೇ ಅಂಕಿ: ಮುಂದಿನ ತಿರುವಿಗೆ ದೂರ, ತಲುಪುವ ಹೊತ್ತು. 2.2 ಇಂಚಿನಲ್ಲಿ ಅದಕ್ಕಿಂತ ಜಾಸ್ತಿ ತುಂಬಿಸಿದರೆ ಒಂದು ನೋಟಕ್ಕೆ ಏನೂ ತಿಳಿಯುವುದಿಲ್ಲ. ಕಡಿಮೆ ದೂರದ ದಾರಿ ಅಂತ ಆರಿಸಿದಾಗ ಅದು ಹೊಲದ ಬದುವಿನ ಮಣ್ಣಿನ ಹಾದಿಗೆ ಕರೆದೊಯ್ದಿತು. ಕಡಿಮೆ ಸಮಯದ ದಾರಿ ಆರಿಸಿ, ಡಾಂಬರಿಲ್ಲದ ರಸ್ತೆ ಬೇಡ ಅಂತ ಹೇಳಿದ ಮೇಲೆ ಸರಿಹೋಯಿತು. ಬಹಳ ದೂರದ ಗುರಿ ಕೊಟ್ಟರೆ ಲೆಕ್ಕ ಹಾಕಲು ತುಂಬಾ ಹೊತ್ತು ತೆಗೆದುಕೊಂಡು ಕೊನೆಗೆ ಸೋಲುತ್ತದೆ. ಮಧ್ಯದ ಒಂದೆರಡು ಊರನ್ನು ಗುರಿ ಮಾಡಿ ತುಂಡು ತುಂಡಾಗಿ ಹೋಗುವುದೇ ದಾರಿ. ಗುರಿ ಬದಲಿಸುವುದೆಲ್ಲ ಗಾಡಿ ನಿಂತಿರುವಾಗ ಮಾತ್ರ. ಈ ಸಣ್ಣ ಬಟನ್‌ಗಳಲ್ಲಿ ಅಕ್ಷರ ಹುಡುಕುವುದು ಓಡಿಸುತ್ತಾ ಮಾಡುವ ಕೆಲಸವೇ ಅಲ್ಲ.

ನಡಿಗೆಗೆ: ರಸ್ತೆಗೆ ಅಂಟಿಕೊಳ್ಳುವ ಆಯ್ಕೆ ಕಡ್ಡಾಯವಾಗಿ ಆಫ್. ಅದು ಆನ್ ಇದ್ದಾಗ ನಾನು ರಸ್ತೆಯಿಂದ ದೂರದ ಕಾಲುದಾರಿಯಲ್ಲಿದ್ದರೂ ಗುರುತು ರಸ್ತೆಯ ಮೇಲೇ ಕೂತಿತ್ತು. ಮಂಜಿನಲ್ಲಿ ಹೀಗಾದರೆ ಅಪಾಯ. ಉತ್ತರ ಯಾವಾಗಲೂ ಮೇಲೆ, ಕಾಗದದ ನಕ್ಷೆಗೆ ಹೋಲಿಸಲು ಅನುಕೂಲ. ಅಂಕಿಗಳು: ಎತ್ತರ, ನಡೆದ ದೂರ, ಸೂರ್ಯಾಸ್ತದ ಹೊತ್ತು.

ಹಂತ 8: ಹೊರಗೆ ಒಯ್ದು ಪರೀಕ್ಷೆ

ಬೇರೆಯವರು ಕೊಟ್ಟ ಅಕ್ಷಾಂಶ ರೇಖಾಂಶ ತುಂಬುವಾಗ ತುಂಬಾ ಹುಷಾರಾಗಿರಬೇಕು. ಬರೆಯುವ ಪದ್ಧತಿ ಮೂರು: ಬರೀ ಡಿಗ್ರಿ ದಶಾಂಶದಲ್ಲಿ, ಡಿಗ್ರಿ ಮತ್ತು ನಿಮಿಷ ದಶಾಂಶದಲ್ಲಿ, ಡಿಗ್ರಿ ನಿಮಿಷ ಸೆಕೆಂಡ್. 12.30 ಡಿಗ್ರಿ ಅನ್ನುವುದನ್ನು 12 ಡಿಗ್ರಿ 30 ನಿಮಿಷ ಅಂತ ತುಂಬಿದರೆ ಅದು 12.50 ಡಿಗ್ರಿ ಆಗುತ್ತದೆ. ವ್ಯತ್ಯಾಸ 0.2 ಡಿಗ್ರಿ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಹಾಗಾಗಿ ನೀವು ಸುಮಾರು 22 ಕಿ.ಮೀ. ದೂರದ ಬೇರೆ ಕಡೆ ಹೋಗುತ್ತೀರಿ. ತುಂಬಿದ ಕೂಡಲೇ ಮ್ಯಾಪ್‌ನಲ್ಲಿ ಆ ಬಿಂದು ತೆರೆದು, ಇರಬೇಕಾದ ಕಡೆಯೇ ಇದೆಯಾ ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಡೇಟಂ, ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಆಧಾರವಾಗಿ ಇಟ್ಟುಕೊಂಡ ಭೂಮಿಯ ಮಾದರಿ, ಡಬ್ಲ್ಯುಜಿಎಸ್84 ಇರಲಿ. ಹಳೆಯ ಮುದ್ರಿತ ನಕ್ಷೆಗಳು ಬೇರೆ ಡೇಟಂ ಬಳಸಿರುತ್ತವೆ. ಅದನ್ನು ಸರಿಪಡಿಸದೆ ಅಂಕಿ ನಕಲು ಮಾಡಿದರೆ ಜಾಗ ನೂರಾರು ಮೀಟರ್ ಸರಿಯಬಹುದು.

ನಡೆದ ಹಾದಿ ದಾಖಲಿಸುವುದರಲ್ಲಿ ಒಂದು ಲೆಕ್ಕ ಮಾಡಿಟ್ಟುಕೊಳ್ಳಬೇಕು. ನನ್ನ ಸಾಧನದ ಟ್ರ್ಯಾಕ್‌ನಲ್ಲಿ 10,000 ಬಿಂದುಗಳಿಗೆ ಜಾಗ. ಸೆಕೆಂಡಿಗೊಂದು ಬಿಂದು ಅಂತ ಇಟ್ಟರೆ 2 ಗಂಟೆ 46 ನಿಮಿಷಕ್ಕೆ ಖಾಲಿ. ಆಮೇಲೆ ಹಳೆಯ ಬಿಂದುಗಳ ಮೇಲೇ ಬರೆಯುತ್ತದೆ. ಬೆಟ್ಟದ ಬುಡದಿಂದ ಹೊರಟ ಭಾಗ, ಅಂದರೆ ವಾಪಸು ಬರಲು ಬೇಕಾದ ಭಾಗವೇ ಅಳಿಸಿಹೋಗುತ್ತದೆ. 10 ಮೀಟರಿಗೊಂದು ಬಿಂದು ಅಂತ ಇಟ್ಟರೆ 100 ಕಿ.ಮೀ.ಗೆ ಸಾಕು. ನಾನು ಇಟ್ಟಿರುವುದು ಅದನ್ನೇ. ಇದರಿಂದ ಇನ್ನೊಂದು ಲಾಭವೂ ಆಯಿತು. ಕೂತು ದಣಿವಾರಿಸಿಕೊಳ್ಳುವಾಗ ಗುರುತು ಒಂದೆರಡು ಮೀಟರ್ ಅಲ್ಲಾಡುತ್ತಲೇ ಇರುತ್ತದೆ. ಸಮಯದ ಲೆಕ್ಕದಲ್ಲಿ ದಾಖಲಿಸಿದರೆ ಆ ಅಲ್ಲಾಟವೆಲ್ಲ ನಡೆದ ದೂರಕ್ಕೆ ಸೇರಿಕೊಂಡು ಅಂಕಿ ಉಬ್ಬುತ್ತದೆ. ದೂರದ ಲೆಕ್ಕದಲ್ಲಿ ಅದು ಬಹಳ ಕಡಿಮೆ.

ಬಂದ ಹಾದಿಯಲ್ಲೇ ಹಿಂದಿರುಗಿಸುವ ಆಯ್ಕೆಯನ್ನು ಪರಿಚಯದ ಜಾಗದಲ್ಲಿ ಒಮ್ಮೆ ಮಾಡಿ ನೋಡಿದೆ. ಚೆನ್ನಾಗಿ ಕೆಲಸ ಮಾಡಿತು. ಆದರೆ ದಿಕ್ಸೂಚಿ ಇಲ್ಲದ ಸಾಧನಕ್ಕೆ ನಿಂತಲ್ಲಿ ದಿಕ್ಕು ಗೊತ್ತಾಗುವುದಿಲ್ಲ. ನೀವು ಚಲಿಸುತ್ತಿದ್ದರೆ ಮಾತ್ರ ಎತ್ತ ಹೋಗುತ್ತಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಕವಲಿನಲ್ಲಿ ನಿಂತು ಸಾಧನ ತಿರುಗಿಸಿದರೆ ಬಾಣ ಸುಮ್ಮನೆ ಎತ್ತಲೋ ತೋರಿಸುತ್ತದೆ. ನೇರವಾಗಿ ಇಪ್ಪತ್ತು ಮೂವತ್ತು ಹೆಜ್ಜೆ ನಡೆಯಿರಿ, ಆಮೇಲೆ ಬಾಣ ನೋಡಿ. ಇಲ್ಲವಾದರೆ ಸಾದಾ ಮುಳ್ಳಿನ ದಿಕ್ಸೂಚಿ ಜೊತೆಗಿರಲಿ. ನಾನು ಅದನ್ನು ಬಿಟ್ಟು ಹೋಗುವುದಿಲ್ಲ.

ದಟ್ಟ ಮರಗಳ ಕೆಳಗೂ ಆಳದ ಕಣಿವೆಯಲ್ಲೂ ಜಾಗ ತಪ್ಪುವುದು ಸಹಜ. ಕಣಿವೆಯಲ್ಲಿ ಸಿಗ್ನಲ್ ಬಂಡೆಗೆ ಬಡಿದು ತಡವಾಗಿ ಬರುತ್ತದೆ. ಸಾಧನ ಅದನ್ನು ಜಾಸ್ತಿ ದೂರ ಅಂತ ಎಣಿಸುತ್ತದೆ. ಪರದೆಯಲ್ಲಿ ನಿಖರತೆ 3 ಮೀಟರ್ ಅಂತ ಬರೆದಿದ್ದರೂ ಅದು ಸಾಧನದ ಅಂದಾಜು ಅಷ್ಟೇ, ಭರವಸೆ ಅಲ್ಲ. ಮುಖ್ಯವಾದ ಜಾಗ ಗುರುತಿಸುವಾಗ ಬಿಂದುವಿನ ಸರಾಸರಿ ತೆಗೆಯುವ ಆಯ್ಕೆ ಬಳಸಿದೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದರೆ ಉಪಗ್ರಹಗಳ ಜೋಡಣೆ ಬದಲಾಗಿರುವುದರಿಂದ ಫಲಿತಾಂಶ ಇನ್ನೂ ಚೆನ್ನಾಗಿರುತ್ತದೆ. ಎತ್ತರದ ಅಂಕಿಯನ್ನು ಅಷ್ಟಾಗಿ ನಂಬಬೇಡಿ. ಉಪಗ್ರಹಗಳೆಲ್ಲ ಮೇಲೆಯೇ ಇರುವುದರಿಂದ, ಅಡ್ಡಕ್ಕಿಂತ ಎತ್ತರದಲ್ಲಿ ತಪ್ಪು ಜಾಸ್ತಿ.

ಉಳಿದ ಕೆಲಸ

ಮಿನಿ ಯುಎಸ್‌ಬಿ ಕಿಂಡಿ ಸ್ವಲ್ಪ ಸಡಿಲವಾಗಿದೆ. ಕಾರಿನಲ್ಲಿ ಕೇಬಲಿನ ಭಾರ ಅದರ ಮೇಲೆ ಬೀಳುತ್ತಿತ್ತು. ಸದ್ಯಕ್ಕೆ ಕೇಬಲನ್ನು ಹೋಲ್ಡರಿಗೆ ಟೇಪ್ ಸುತ್ತಿ ಕಟ್ಟಿದ್ದೇನೆ, ಈಗ ಭಾರ ಹೋಲ್ಡರಿನ ಮೇಲಿದೆ. ಮುಂದೆ ಕಿಂಡಿಯ ಬೆಸುಗೆ ಬಿಟ್ಟರೆ ಒಳಗೆ ತೆರೆಯಬೇಕು. ಒಮ್ಮೆ ತೆರೆದರೆ ನೀರು ತಡೆಯುವ ಗುಣ ಮೊದಲಿನಂತೆ ಉಳಿಯುತ್ತದೆ ಅಂತ ಹೇಳಲಾಗದು, ಅದಕ್ಕೇ ಈಗ ಕೈ ಹಾಕಿಲ್ಲ. ಬೆಟ್ಟದ ಗೆರೆಗಳನ್ನು ಬೇರೆ ಪಾರದರ್ಶಕ ಮ್ಯಾಪ್ ಆಗಿ ಮಾಡಿ ರೂಟಿಂಗ್ ಮ್ಯಾಪ್ ಮೇಲೆ ಹಾಸುವ ಪ್ರಯತ್ನ ನಡೆದಿದೆ. ಗೆರೆ 10 ಮೀಟರಿಗೊಂದು ಹಾಕಿದಾಗ ಪರದೆ ತುಂಬಿಹೋಗಿ ಮ್ಯಾಪ್ ಎಳೆಯುವುದೇ ನಿಧಾನವಾಯಿತು. 20 ಮೀಟರಿಗೊಂದು ಹಾಕಿ ಮತ್ತೆ ನೋಡುತ್ತೇನೆ.